ನೆಲದ ಮೇಲೆ ಚೆಲ್ಲಿದ್ದು ಸಕ್ಕರೆ

ತುರ್ತು ವೈದ್ಯಕೀಯ ಸೇವಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೆಲದ ಮೇಲೆ ಚೆಲ್ಲಿದ್ದು ಸಕ್ಕರೆ. ತಮ್ಮ ಸಿಬ್ಬಂದಿ ಅದನ್ನು ಅಡುಗೆಮನೆಯ ಕಿಟಕಿಯ ಸರಳುಗಳ ಆಚೆಯಿಂದ ನೋಡಿ ‘ಅಪರಿಚಿತ ಬಿಳಿ ಪುಡಿ’ ಎಂದು ಬರೆದುಕೊಂಡರು. ಆ ಪುಡಿಯ ಮಧ್ಯೆ ಬಿದ್ದಿದ್ದ ನನ್ನ ತಂಗಿಯನ್ನು ‘ಮೃತ ಮಹಿಳೆ’ ಎಂದು ಬರೆದುಕೊಂಡರು. ಆಮೇಲೆ ಪೊಲೀಸರು ಬರುವವರೆಗೆ ಇಪ್ಪತ್ತೆರಡು ನಿಮಿಷ ಬಾಗಿಲ ಹೊರಗೆ ನಿಂತರು. ಬರೆದುಕೊಂಡ ಎರಡು ಸಂಗತಿಗಳೂ ತಪ್ಪು. ಅದು ವಿಷವಲ್ಲ, ಅವಳ ಔಷಧ. ಅವಳು ಆಗಿನ್ನೂ ಸತ್ತಿರಲಿಲ್ಲ.

ಇದನ್ನು ತಮಗೆ ಖಾಸಗಿಯಾಗಿ ತಿಳಿಸುವ ಸೌಜನ್ಯವನ್ನು ನಾನು ನಾಲ್ಕು ಸಲ ತೋರಿಸಿದ್ದೇನೆ. ಮೊದಲ ಮೂರು ಅರ್ಜಿಗಳಿಗೆ ತಮ್ಮ ಕಚೇರಿ ಮೌನವನ್ನು ದಯಪಾಲಿಸಿತು. ನಾಲ್ಕನೆಯದಕ್ಕೆ ಒಂದೂವರೆ ಸಾಲಿನ ಉತ್ತರ ಬಂತು: ‘ಸದರಿ ಪ್ರಕರಣದಲ್ಲಿ ನಿಯಮಾವಳಿಯ ಪ್ರಕಾರವೇ ಕ್ರಮ ಕೈಗೊಳ್ಳಲಾಗಿದ್ದು, ಯಾವುದೇ ಲೋಪ ಕಂಡುಬಂದಿರುವುದಿಲ್ಲ.’ ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ ಎನ್ನುವುದೇ ನನ್ನನ್ನು ಸುಡುತ್ತಿದೆ. ನಿಯಮದ ಪ್ರಕಾರವೇ ಎಲ್ಲ ನಡೆಯಿತು. ನಿಯಮದ ಪ್ರಕಾರವೇ ಅವಳು ಹೋದಳು. ಹಾಗಾದರೆ ತಪ್ಪು ಯಾರದು ಸ್ವಾಮಿ? ಈ ಪ್ರಶ್ನೆಯನ್ನು ನಾಲ್ಕು ಗೋಡೆಗಳ ನಡುವೆ ಕೇಳಿ ಸಾಕಾಗಿದೆ. ಅದಕ್ಕೇ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಒಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಪಾಠ ಮಾಡುತ್ತಿದ್ದವರು ಮೇಷ್ಟ್ರು. ನಾನು ಗಾಜಿನ ನಳಿಕೆ ತೊಳೆಯುತ್ತಿದ್ದೆ, ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಬಿಳಿ ಪುಡಿಗಳ ವಿಷಯದಲ್ಲಿ ನನಗೆ ತಕ್ಕಮಟ್ಟಿನ ಅನುಭವವಿದೆ. ಉಪ್ಪು, ಸೋಡಾ, ಸುಣ್ಣ, ಸಕ್ಕರೆ, ಎಲ್ಲವೂ ದೂರದಿಂದ ಒಂದೇ ಥರ ಕಾಣುತ್ತವೆ. ಅದಕ್ಕೇ ನಮ್ಮ ಮೇಷ್ಟ್ರು ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ದಿನ ಒಂದೇ ಮಾತು ಹೇಳುತ್ತಿದ್ದರು: “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.” ಹದಿಮೂರು ವರ್ಷದ ಮಕ್ಕಳಿಗೆ ಅರ್ಥವಾಗುತ್ತಿದ್ದ ಮಾತು ತಮ್ಮ ಇಲಾಖೆಯ ನಿಯಮಾವಳಿಗೆ ಯಾಕೆ ಅರ್ಥವಾಗಿಲ್ಲ ಎನ್ನುವುದೇ ಈ ಪತ್ರದ ವಿಷಯ.

ನನ್ನ ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಮನೆಯಲ್ಲಿಟ್ಟ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಪಟಾಕಿ’. ಇಪ್ಪತ್ತಾರು ವರ್ಷ ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಆಳು ಐದಡಿಗೂ ಕಮ್ಮಿ. ಗಂಟಲು ಮಾತ್ರ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಬಸ್ಸಿನವರೂ ಜರುಗಬೇಕು, ಅಂಥದ್ದು. “ಒಳಗೆ ಹೋಗ್ರೀ, ಒಳಗೆ ಹೋಗಿ! ಮೆಟ್ಟಿಲೇನು ನಿಮ್ಮ ಮಾವನ ಮನೆ ಜಗಲಿನಾ?” ಎಂದು ಅವಳಿಂದ ಬೈಸಿಕೊಂಡವರೇ ಮರುದಿನ ಅವಳ ಬಸ್ಸಿಗೇ ಕಾಯುತ್ತಿದ್ದರು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, “ದಿನಕ್ಕೆ ಎಂಟುನೂರು ಜನರ ಜೊತೆ ಸಂಸಾರ ಮಾಡ್ತೀನಿ, ಸಾಲದಾ?” ಎನ್ನುತ್ತಿದ್ದಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಆಗಿನಿಂದ ದಿನಾ ಹೊಟ್ಟೆಗೆ ಇನ್ಸುಲಿನ್ ಸೂಜಿ. ಸಕ್ಕರೆ ಏರುವುದು ನಿಧಾನದ ಶತ್ರು. ಇಳಿಯುವುದು ನಿಂತ ನಿಲುವಿನಲ್ಲಿ ಕೊಲ್ಲುವ ಶತ್ರು. ಇಳಿದಾಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ಜಾರುತ್ತದೆ. ಅಷ್ಟರೊಳಗೆ ನಾಲಿಗೆಗೆ ಒಂದಿಷ್ಟು ಸಕ್ಕರೆ ಬಿದ್ದರೆ ಜೀವ ವಾಪಸ್ಸು ಬರುತ್ತದೆ. ಪ್ರಜ್ಞೆ ಹೋದಮೇಲಾದರೆ ನರಕ್ಕೆ ಸೂಜಿ ಹಾಕಿ ಸಕ್ಕರೆ ನೀರು ಕೊಡಬೇಕು. ಇದು ತಮಗೆ ಗೊತ್ತಿರದ ವಿಷಯವಲ್ಲ. ಆ ಸೂಜಿ, ಆ ಸಕ್ಕರೆ ನೀರು ತಮ್ಮ ಪ್ರತಿ ವಾಹನದಲ್ಲೂ ಇರುತ್ತವೆ. ಆ ದಿನವೂ ಇದ್ದವು. ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿದ್ದವು.

ಹಿಂದೊಮ್ಮೆ ಬಸ್ಸಿನಲ್ಲೇ ಹೀಗಾಗಿತ್ತು. ಪಟಾಕಿ ಒಂದೇ ನಿಲ್ದಾಣದ ಹೆಸರನ್ನು ಮೂರು ಸಲ ಕೂಗಿದಳಂತೆ. ಜನ ನಕ್ಕರು. ಡ್ರೈವರ್ ನಗಲಿಲ್ಲ. ನಡುರಸ್ತೆಯಲ್ಲೇ ಬಸ್ಸು ನಿಲ್ಲಿಸಿ, ಹಿಂದೆ ಓಡಿಬಂದು, ಅವಳ ಚರ್ಮದ ಚೀಲದೊಳಗೆ ಕೈಹಾಕಿ ಸಕ್ಕರೆ ಪೊಟ್ಟಣ ಹರಿದು ಅವಳ ಒಸಡಿಗೆ ತಿಕ್ಕಿದ. ಹಿಂದಿನ ವಾಹನಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು. “ಬಾರಿಸ್ರೋ ಬಾರಿಸಿ, ನಮ್ಮ ಪಟಾಕಿ ಎದ್ದಮೇಲೆ ನಿಮಗೈತೆ!” ಎಂದನಂತೆ ಆತ. ಹತ್ತು ನಿಮಿಷದಲ್ಲಿ ಎದ್ದಳು. ಎದ್ದವಳೇ ಅವನಿಗೇ ಬೈದಳು, ಬಸ್ಸು ಲೇಟ್ ಮಾಡಿದ್ದಕ್ಕೆ. ಆತ ಏಳನೇ ಇಯತ್ತೆ ಓದಿದವನು. ಅವನ ಹತ್ತಿರ ನಿಯಮಾವಳಿ ಇರಲಿಲ್ಲ, ಪುಣ್ಯಕ್ಕೆ.

ಈಗ ಆ ದಿನಕ್ಕೆ ಬರುತ್ತೇನೆ. ನಾವಿಬ್ಬರೂ ಊರಿನ ಎರಡು ತುದಿಗಳಲ್ಲಿ ಇದ್ದವರು. ದಿನಾ ಬೆಳಿಗ್ಗೆ ಒಂಬತ್ತೂವರೆ ಮೇಲೆ ಅವಳಿಗೆ ಫೋನ್ ಮಾಡುವುದು ನನ್ನ ರೂಢಿ. ಅಂದು ಕೈಗೆತ್ತಿಕೊಂಡವಳು ಮಾತಾಡಲಿಲ್ಲ. ಉಸಿರು ಕೇಳಿಸುತ್ತಿತ್ತು.

“ಏನೇ, ಯಾಕೆ ಸುಮ್ಮನಿದೀಯ?”

“ಅಕ್ಕಾ... ಡಬ್ಬ... ಮುಚ್ಚಳ ಬರ್ತಿಲ್ಲ.”

ಆ ತೊದಲು ನನಗೆ ಗೊತ್ತು. “ಸಕ್ಕರೆ ಡಬ್ಬನಾ? ಚೀಲದಲ್ಲಿ ಪೊಟ್ಟಣ ಇರುತ್ತಲ್ಲೇ, ಅದನ್ನ ತಗೋ. ಪಕ್ಕದ ಮನೆಯವರನ್ನ ಕೂಗು!”

“ಮುಚ್ಚಳ ಬರ್ತಿಲ್ಲ ಅಕ್ಕಾ,” ಎಂದಳು ಮತ್ತೆ, ಚಿಕ್ಕ ಮಗುವಿನ ಹಾಗೆ. ಆಮೇಲೆ ಏನೋ ಲೋಹದ್ದು ಬಿದ್ದ ಸದ್ದು, ಗಾಜು ಒಡೆದ ಸದ್ದು. ಆಮೇಲೆ ಏನೂ ಇಲ್ಲ.

ತಮ್ಮ ತುರ್ತು ಸಂಖ್ಯೆಗೆ ಕರೆ ಮಾಡಿದಾಗ ಒಂಬತ್ತು ನಲವತ್ತೆಂಟು. ಎತ್ತಿಕೊಂಡ ಹೆಣ್ಣುಮಗಳ ದನಿ ಮೃದುವಾಗಿತ್ತು. ವಿಳಾಸ ಹೇಳಿದೆ. “ನನ್ನ ತಂಗಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾಳೆ, ಶುಗರ್ ಇಳಿದು ಬಿದ್ದಿದ್ದಾಳೆ, ಒಬ್ಬಳೇ ಇದ್ದಾಳೆ,” ಎಂದು ಎರಡು ಸಲ ಹೇಳಿದೆ. “ಗಾಬರಿಯಾಗ್ಬೇಡಿ, ಗಾಡಿ ಹೊರಡ್ತಿದೆ,” ಎಂದರು. ನಿಜಕ್ಕೂ ಹೊರಟಿತು. ಹದಿನಾಲ್ಕೇ ನಿಮಿಷದಲ್ಲಿ, ಹತ್ತು ಗಂಟೆ ಎರಡು ನಿಮಿಷಕ್ಕೆ ತಮ್ಮ ವಾಹನ ಅವಳ ಬಾಗಿಲಲ್ಲಿತ್ತು. ಇಷ್ಟು ಬೇಗ ಬಂದದ್ದಕ್ಕೆ ನಾನು ಋಣಿ. ವ್ಯಂಗ್ಯವಾಗಿ ಹೇಳುತ್ತಿಲ್ಲ. ಆದರೆ ಗಾಡಿ ಬಂತೇ ಹೊರತು ನನ್ನ ಮಾತು ಬರಲಿಲ್ಲ. ಸಿಬ್ಬಂದಿಯ ಕೈಗೆ ಸಿಕ್ಕ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಮಹಿಳೆ, ಪ್ರಜ್ಞೆ ಇಲ್ಲ, ಒಂಟಿ.’ ಸಕ್ಕರೆ ಕಾಯಿಲೆ ಎಂಬ ಎರಡು ಪದ ದಾರಿಯಲ್ಲಿ ಎಲ್ಲಿ ಬಿದ್ದುಹೋದವು? ಚೀಟಿಯಲ್ಲಿ ಜಾಗ ಸಾಲಲಿಲ್ಲವೇ? ‘ಒಂಟಿ’ ಎಂಬುದಕ್ಕೆ ಮಾತ್ರ ಜಾಗ ಹೇಗೆ ಸಿಕ್ಕಿತು?

ಎಳೆದುಕೊಂಡರೆ ತಾನೇ ಬೀಗ ಬೀಳುವ ಬಾಗಿಲು, ಹಾಕಿತ್ತು. ನೆಲಮಹಡಿಯ ಮನೆ, ಪಕ್ಕದ ಓಣಿಗೆ ಅಡುಗೆಮನೆಯ ಕಿಟಕಿ. ಸಿಬ್ಬಂದಿ ಅಲ್ಲಿಂದ ಇಣುಕಿದರು. ಅವರು ಕಂಡದ್ದನ್ನು ತಮ್ಮ ವರದಿಯಿಂದಲೇ ಹೇಳುತ್ತೇನೆ: ನೆಲದ ಮೇಲೆ ಅಡ್ಡಬಿದ್ದ ಮಹಿಳೆ, ಉರುಳಿದ ಕುರ್ಚಿ, ಒಡೆದ ಗಾಜು, ಎಡ ಅಂಗೈ, ಮಣಿಕಟ್ಟಿನಲ್ಲಿ ರಕ್ತ, ಉರುಳಿದ ಫಿನಾಯಿಲ್ ಬಾಟಲಿ, ಸುತ್ತ ಚೆಲ್ಲಿದ ಅಪರಿಚಿತ ಬಿಳಿ ಪುಡಿ. ಕಣ್ಣಿಗೆ ಕಂಡಷ್ಟು ಪ್ರತಿಯೊಂದೂ ನಿಜ. ಈಗ ಇವನ್ನೇ ಗೊತ್ತಿದ್ದವರು ಓದಿದರೆ ಹೇಗೆ ಓದುತ್ತಾರೆ ಕೇಳಿ. ಮೇಲಿನ ಗೂಡಿನಿಂದ ಡಬ್ಬ ತೆಗೆಯಲು ನಮ್ಮ ಕುಳ್ಳಿ ಕುರ್ಚಿ ಹತ್ತಿದ್ದಾಳೆ. ಮುಚ್ಚಳ ಬಿಗಿಯಾಗಿದೆ, ಕೈಯಲ್ಲಿ ಶಕ್ತಿ ಇಲ್ಲ. ಬಿದ್ದಿದ್ದಾಳೆ. ಬೀಳುವಾಗ ನೀರಿನ ಲೋಟ ಒಡೆದು ಅಂಗೈ ಕೊಯ್ದಿದೆ, ಕಾಲು ತಾಗಿ ಫಿನಾಯಿಲ್ ಉರುಳಿದೆ, ಡಬ್ಬ ನೆಲಕ್ಕಪ್ಪಳಿಸಿ ಮುಚ್ಚಳ ಕೊನೆಗೂ ತೆರೆದುಕೊಂಡಿದೆ. ಆದರೆ ತಮ್ಮ ಸಿಬ್ಬಂದಿಗೆ ಕಂಡದ್ದು ಬೇರೆ ಕಥೆ: ಒಂಟಿ ಹೆಂಗಸು, ಮಣಿಕಟ್ಟು, ವಿಷ. ಆ ಕಥೆ ಅಲ್ಲಿ ಹುಟ್ಟಿದ್ದಲ್ಲ ಮಾನ್ಯರೇ. ಒಂಟಿ ಹೆಂಗಸರ ಬಗ್ಗೆ ಅದು ಮೊದಲೇ ಬರೆದಿಟ್ಟಿರುತ್ತದೆ. ಹೊಂದುವ ನೆಲವೊಂದು ಸಿಕ್ಕರೆ ಸಾಕು.

ಸರಿ, ವಿಷವೇ ಎಂದಿಟ್ಟುಕೊಳ್ಳೋಣ. ವಿಷ ಕುಡಿದವರನ್ನು ಉಳಿಸಬಾರದೆಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ? ಇಲ್ಲಿ ತಮ್ಮ ನಿಯಮಾವಳಿಯ ಪ್ರವೇಶವಾಗುತ್ತದೆ. ಕಷ್ಟಪಟ್ಟು ಅದರ ಪ್ರತಿ ಪಡೆದು ಓದಿದ್ದೇನೆ. ಒಂಬತ್ತನೇ ಅಂಶ: ‘ಸಾವು ಮೇಲ್ನೋಟಕ್ಕೆ ಕಂಡುಬಂದು, ಸ್ಥಳವು ಅನುಮಾನಾಸ್ಪದವಾಗಿದ್ದಲ್ಲಿ ಅಥವಾ ಅಪರಿಚಿತ ಪದಾರ್ಥವಿದ್ದಲ್ಲಿ, ಪೊಲೀಸರು ಆಗಮಿಸುವವರೆಗೆ ಪ್ರವೇಶಿಸತಕ್ಕದ್ದಲ್ಲ.’ ಹದಿನಾಲ್ಕನೇ ಅಂಶ: ‘ಸಾವನ್ನು ಘೋಷಿಸುವ ಅಧಿಕಾರ ವೈದ್ಯರಿಗೆ ಮಾತ್ರ.’ ಅಂದರೆ ಮುಟ್ಟಿ, ನಾಡಿ ಹಿಡಿದು ‘ಸತ್ತಿದ್ದಾರೆ’ ಎನ್ನಲು ತಮ್ಮ ಸಿಬ್ಬಂದಿಗೆ ಅಧಿಕಾರವಿಲ್ಲ. ಆದರೆ ಮುಟ್ಟದೆ, ಕಿಟಕಿಯಿಂದ ಇಣುಕಿ ‘ಸತ್ತಿದ್ದಾರೆ’ ಎಂದುಕೊಳ್ಳಲು ಅಡ್ಡಿಯಿಲ್ಲ! ಸ್ಥಳದ ಸಾಕ್ಷ್ಯ ಕೆಡಬಾರದು, ಒಪ್ಪುತ್ತೇನೆ. ಆದರೆ ಆ ಸ್ಥಳದಲ್ಲಿ ಕೆಡಬಾರದ ಮೊದಲ ವಸ್ತು ಯಾವುದು? ಗಾಜಿನ ಚೂರೇ, ಕುರ್ಚಿಯೇ?

ನಾನು ಬಾಡಿಗೆ ಕಾರಿನಿಂದ ಇಳಿದಾಗ ಹತ್ತು ಹದಿನೇಳು. ವಾಹನದ ದೀಪ ತಿರುಗುತ್ತಿತ್ತು. ಅಕ್ಕಪಕ್ಕದವರು ಗುಂಪುಗೂಡಿದ್ದರು. ತಮ್ಮ ಇಬ್ಬರು ಸಿಬ್ಬಂದಿ, ಒಬ್ಬರು ಹಿರಿಯರು, ಇನ್ನೊಬ್ಬಳು ಕಿರಿಯ ಹೆಣ್ಣುಮಗಳು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಚಿಕಿತ್ಸೆಯ ಪೆಟ್ಟಿಗೆ ನೆಲದ ಮೇಲಿತ್ತು, ಮುಚ್ಚಿಯೇ ಇತ್ತು. ನನ್ನ ಕೈಯಲ್ಲಿ ಅವಳ ಮನೆಯ ಇನ್ನೊಂದು ಬೀಗದ ಕೈ ಇತ್ತು.

“ಬಾಗಿಲು ತೆಗೀತೀನಿ, ಬನ್ನಿ,” ಎಂದೆ.

ಹಿರಿಯರು ಕೈ ಅಡ್ಡ ಹಿಡಿದರು. “ಅಮ್ಮಾ, ದೂರ ನಿಲ್ಲಿ. ಯಾರೂ ಒಳಗೆ ಹೋಗೋ ಹಾಗಿಲ್ಲ.”

“ನಾನು ಅವಳ ಅಕ್ಕ. ಅವಳಿಗೆ ಶುಗರ್ ಇಳಿದಿದೆ ಅಷ್ಟೇ. ಸೂಜಿ ಹಾಕಿ, ಏಳ್ತಾಳೆ.”

“ಒಳಗೆ ಏನೋ ಪುಡಿ ಇದೆ ಅಮ್ಮಾ. ಏನು ಅಂತ ಗೊತ್ತಿಲ್ಲ.”

“ಅದು ಸಕ್ಕರೆ! ಸಕ್ಕರೆ ಕಣಪ್ಪಾ! ಡಬ್ಬದ ಮುಚ್ಚಳ ಬರ್ತಿಲ್ಲ ಅಂತ ನನಗೇ ಹೇಳಿದ್ಲು!”

“ನೀವು ಹೇಳ್ತೀರಿ. ನಮಗೆ ಹೇಗೆ ಗೊತ್ತಾಗ್ಬೇಕು?” ಆತನ ದನಿಯಲ್ಲಿ ದರ್ಪವಿರಲಿಲ್ಲ. ದಣಿವಿತ್ತು, ಭಯವೂ ಇತ್ತೆಂದು ಈಗ ಅನಿಸುತ್ತದೆ. “ಪೊಲೀಸ್ರು ಬಂದ್ಬಿಡ್ತಾರೆ ಅಮ್ಮಾ. ಐದೇ ನಿಮಿಷ. ಇನ್ನು... ಅವಸರ ಮಾಡಿ ಏನೂ ಆಗೋದಿಲ್ಲ.”

ಅವಸರ ಮಾಡಿ ಏನೂ ಆಗೋದಿಲ್ಲ. ಆ ಮಾತಿನ ಅರ್ಥ ತಲೆಗೆ ಹೋಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೋದಮೇಲೆ ನಾನು ನುಗ್ಗಿದೆ. ಅಕ್ಕಪಕ್ಕದವರೇ ಇಬ್ಬರು ನನ್ನ ತೋಳು ಹಿಡಿದುಕೊಂಡರು, ಒಳ್ಳೆಯ ಮನಸ್ಸಿನಿಂದಲೇ. “ಬೇಡಕ್ಕಾ, ಅವರಿಗೆ ಗೊತ್ತಿರುತ್ತೆ, ಅವರ ಕೆಲಸ ಅದು,” ಎಂದರು. ಬೀಗದ ಕೈಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಮೂಡಿತ್ತು. ಏಳು ನಿಮಿಷ ಹಾಗೆ ನಿಂತೆ. ಕೂಗಲಿಲ್ಲ. ಕಿಟಕಿಗೆ ಹೋಗಿ ಅವಳ ಹೆಸರು ಹಿಡಿದು ಕೂಗಬಹುದಿತ್ತು. ಕೂಗಲಿಲ್ಲ. ಸಮವಸ್ತ್ರ ತೊಟ್ಟವರು ಹೇಳಿದರೆ ಕೇಳಬೇಕೆಂದು ನಮ್ಮನ್ನು ಬೆಳೆಸಿದ್ದಾರೆ ನೋಡಿ. ತಮ್ಮ ಇಲಾಖೆಯ ಲೋಪ ನನಗೆ ಕಂಡುಬರುತ್ತದೆ. ನನ್ನದು ನನಗೆ ಅದಕ್ಕಿಂತ ಹೆಚ್ಚು ಕಂಡುಬರುತ್ತದೆ. ಅದರ ವಿಚಾರಣೆ ಪ್ರತಿ ದಿನ ನಡೆಯುತ್ತಿದೆ, ತೀರ್ಪೂ ಒಂದೇ ಥರ ಬರುತ್ತಿದೆ.

ಹತ್ತು ಇಪ್ಪತ್ತನಾಲ್ಕಕ್ಕೆ ಪೊಲೀಸರು ಬಂದರು. ನನ್ನ ಬೀಗದ ಕೈಯಿಂದಲೇ ಬಾಗಿಲು ತೆರೆದರು. ಅವಳ ಮೈ ಇನ್ನೂ ಬೆಚ್ಚಗಿತ್ತು. ಆಗ ತಮ್ಮ ಸಿಬ್ಬಂದಿ ಒಳಗೆ ಓಡಿದರು. ಎದೆ ಒತ್ತಿದರು, ಸೂಜಿ ಹಾಕಿದರು, ಅರ್ಧ ಗಂಟೆ ಬೆವರು ಸುರಿಸಿದರು. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನುತ್ತಾರಲ್ಲ, ಇಲ್ಲಿ ಎಲ್ಲ ಮುಗಿದಮೇಲೆ ಬಾಗಿಲು ತೆಗೆದರು.

ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಸಿಬ್ಬಂದಿ ಕಿಟಕಿಯಿಂದ ಓದಿದ ಕಥೆಯನ್ನೇ ಪೊಲೀಸರು ಮುಂದುವರಿಸಿದರು. ಅಂದು ಮಧ್ಯಾಹ್ನ ಠಾಣೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಅಧಿಕಾರಿಯೊಬ್ಬರು ಕೇಳಿದರು, “ನಿಮ್ಮ ತಂಗಿಗೆ ಏನಾದ್ರೂ ಬೇಜಾರಿತ್ತಾ? ಮದುವೆ ಆಗಿಲ್ಲ ಅಂತ?”

“ಅವಳಿಗೆ ಐವತ್ತನಾಲ್ಕು ವರ್ಷ ಸ್ವಾಮಿ,” ಎಂದೆ.

“ಅದಕ್ಕೇ ಕೇಳ್ತಿರೋದು,” ಎಂದರು.

ಮನೆಯಲ್ಲಿ ಒಂದು ಬ್ಯಾಗು ಕಟ್ಟಿಟ್ಟಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ದಿನ ಮುಂದಿನ ತಾರೀಖಿಗೆ ಕೆಂಪು ಶಾಯಿಯ ಸುತ್ತು ಹಾಕಿತ್ತು. ಇವೆರಡೂ ಅನುಮಾನಾಸ್ಪದ ಎಂದು ದಾಖಲಾದವು. ಆ ತಾರೀಖು ನನ್ನ ಕಣ್ಣಿನ ಪೊರೆಯ ಆಪರೇಷನ್ ದಿನ. ಬ್ಯಾಗಿನಲ್ಲಿದ್ದದ್ದು ನಾಲ್ಕು ಜೊತೆ ಬಟ್ಟೆ, ಅವಳ ಸೂಜಿಗಳು, ಒಂದು ಚದುರಂಗದ ಹಾಸು. ಹದಿನೈದು ದಿನ ನನ್ನ ಮನೆಯಲ್ಲಿದ್ದು ದಿನಕ್ಕೆ ನಾಲ್ಕು ಸಲ ನನ್ನ ಕಣ್ಣಿಗೆ ಔಷಧ ಹಾಕುವುದೆಂದು ಮಾತಾಗಿತ್ತು. “ಒಂದು ಕಣ್ಣು ಮುಚ್ಚಿರುವಾಗಲೇ ನಿನ್ನನ್ನ ಆಟದಲ್ಲಿ ಸೋಲಿಸ್ತೀನಿ, ಆಮೇಲೆ ಸಿಕ್ಕಲ್ಲ ಅವಕಾಶ,” ಎಂದಿದ್ದಳು. ಸಾಯಲು ಹೊರಟವಳ ತಯಾರಿ ಇದು!

ಆಪರೇಷನ್ ಮೂರು ತಿಂಗಳು ಮುಂದಕ್ಕೆ ಹೋಗಿ ಆಯಿತು. ಔಷಧ ನಾನೇ ಹಾಕಿಕೊಂಡೆ. ತಮಗೆ ತಾವೇ ಹಾಕಿಕೊಂಡು ನೋಡಿ. ಅರ್ಧ ಕೆನ್ನೆಗೆ ಬೀಳುತ್ತದೆ. ಅತ್ತರೆ ಹೊಲಿಗೆ ಬಿಡುತ್ತದೆ, ಅಳಬೇಡಿ ಎಂದಿದ್ದರು ಡಾಕ್ಟರು. ಅದನ್ನೂ ಪಾಲಿಸಿದೆ. ನಿಯಮ ಪಾಲಿಸುವುದರಲ್ಲಿ ನಾನೂ ತಮ್ಮವರಿಗೆ ಕಮ್ಮಿಯಿಲ್ಲ.

ಪುಡಿಯನ್ನು ಪರೀಕ್ಷೆಗೆ ಕಳಿಸಿದ್ದರು. ನಲವತ್ತೇಳು ದಿನ ನಮ್ಮ ಪಟಾಕಿ ‘ಅಸಹಜ ಸಾವು, ಆತ್ಮಹತ್ಯೆ ಶಂಕೆ’ ಎಂಬ ಚೀಟಿ ಅಂಟಿಸಿಕೊಂಡು ಪೊಲೀಸರ ಕಡತದಲ್ಲಿ ಮಲಗಿದ್ದಳು. ಅವಳ ಬಸ್ಸಿನಲ್ಲಿ ಓಡಾಡಿದವರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, “ಅಷ್ಟು ನಗ್ತಿದ್ರಲ್ಲ, ಒಳಗೇನಿತ್ತೋ ಪಾಪ,” ಎಂದರು. ಆ ‘ಪಾಪ’ ಎಂಬ ಪದವನ್ನು ನಾನು ಹೇಗೆ ನುಂಗಿದೆನೆಂದು ನನಗೇ ಗೊತ್ತು. ನಲವತ್ತೆಂಟನೇ ದಿನ ವರದಿ ಬಂತು: ‘ಪದಾರ್ಥವು ಸುಕ್ರೋಸ್.’ ನಮ್ಮ ಲ್ಯಾಬಿನ ಬಾಟಲಿಯ ಮೇಲೂ ಹಾಗೇ ಬರೆದಿತ್ತು. ಅದರ ಕೆಳಗೆ ಮಕ್ಕಳಿಗಾಗಿ ಸಣ್ಣಕ್ಷರದಲ್ಲಿ ‘ಸಕ್ಕರೆ’ ಎಂದು ನಾನೇ ಬರೆದಿದ್ದೆ. ಬಾಗಿಲಲ್ಲಿ ನಿಂತು ಒಂದು ಉಸಿರಿನಲ್ಲಿ ನಾನು ಹೇಳಿದ್ದನ್ನು ಹೇಳಲು ಸರ್ಕಾರಕ್ಕೆ ಒಂದೂವರೆ ತಿಂಗಳು ಬೇಕಾಯಿತು.

ಶವಪರೀಕ್ಷೆ ಮಾಡಿದ ಡಾಕ್ಟರನ್ನು ಹೋಗಿ ಕಂಡೆ. ಸಜ್ಜನರು. ಮುಚ್ಚುಮರೆ ಮಾಡಲಿಲ್ಲ. ಅಂಗೈಯ ಗಾಯ ಮೇಲುಮೇಲಿನದು, ಹೊಟ್ಟೆಯಲ್ಲಿ ವಿಷವಿಲ್ಲ. ಬೆಳಗಿನ ಜಾವದಿಂದಲೇ ಸಕ್ಕರೆ ಇಳಿಯುತ್ತ ಬಂದು, ಹೃದಯ ದಣಿದು ನಿಂತಿರಬೇಕು. ಬಲಗೈಯ ಮೂರು ಬೆರಳ ತುದಿಗೆ ಸಕ್ಕರೆಯ ಹರಳು ಅಂಟಿತ್ತು. ಬಾಯಲ್ಲಿ ಒಂದೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಎಷ್ಟೋ ಸಲ ಹಗುರವಾಗಿ ಆಡಿದ್ದೇನೆ. ಇನ್ನು ಆಡಲಾರೆ.

“ಸೂಜಿ ಹಾಕಿದ್ದರೆ ಉಳೀತಿದ್ಲಾ ಡಾಕ್ಟ್ರೇ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಖಂಡಿತ ಉಳೀತಿದ್ರು ಅಂತ ಹೇಳಲಾರೆ ಅಮ್ಮಾ. ಖಂಡಿತ ಉಳೀತಿರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ, ನಂಬಬೇಡಿ.”

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ವಿಧಿ ಎಂದುಕೊಂಡು ಕೈ ಚೆಲ್ಲುತ್ತಿದ್ದೆ. ಆದರೆ ತಮ್ಮ ‘ಲೋಪ ಕಂಡುಬಂದಿರುವುದಿಲ್ಲ’ ಬಂದ ಮುಂದಿನ ವಾರ, ಒಂದು ಭಾನುವಾರ ಮಧ್ಯಾಹ್ನ, ನನ್ನ ಬಾಗಿಲು ತಟ್ಟಿದ ಸದ್ದಾಯಿತು. ಅಂದು ತಂಗಿಯ ಬಾಗಿಲಲ್ಲಿ ಹಿರಿಯರ ಪಕ್ಕ ನಿಂತಿದ್ದ ಕಿರಿಯ ಸಿಬ್ಬಂದಿ. ಸಮವಸ್ತ್ರವಿರಲಿಲ್ಲ, ಗುರುತೇ ಹತ್ತಲಿಲ್ಲ. ಒಳಗೆ ಕರೆದೆ. ಕುರ್ಚಿಯ ತುದಿಯಲ್ಲಿ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

“ಅಮ್ಮಾ, ನಾನು ಕೆಲಸ ಬಿಟ್ಟಿದೀನಿ. ಅದಕ್ಕೇ ಬಂದೆ. ಅವತ್ತು ಅವರ ಬೆರಳು ಅಲ್ಲಾಡಿತ್ತಮ್ಮಾ.”

ನಾನು ಎದುರಿನ ಕುರ್ಚಿ ಎಳೆದು ಕೂತೆ.

“ನಾವು ಬಂದು ಮೂರು ನಿಮಿಷ ಆಗಿರ್ಬೇಕು. ಕಿಟಕಿಯಿಂದ ನೋಡ್ತಿದ್ದೆ. ಬಲಗೈ ಬೆರಳು, ಏನೋ ಹಿಡ್ಕೊಳ್ಳೋ ಹಾಗೆ ಮಡಚಿದ್ರು. ಎರಡು ಸಲ. ಸರ್‌ಗೆ ಹೇಳ್ದೆ. ಅವರು ನೋಡೋ ಹೊತ್ತಿಗೆ ನಿಂತಿತ್ತು. ಗಾಳಿಗೆ ಬಟ್ಟೆ ಅಲ್ಲಾಡಿರುತ್ತೆ ಅಂದ್ರು. ಮಾಸ್ಕ್ ಇದೆ ಸರ್, ಹಾಕ್ಕೊಂಡು ಹೋಗ್ತೀನಿ ಅಂದೆ. ಬೇಡ ಅಂದ್ರು.”

“ಯಾಕಂತೆ?”

“ಎರಡು ವರ್ಷದ ಹಿಂದೆ ಅವರ ಜೊತೆಯವರೊಬ್ರು ಹೀಗೇ ಒಂದು ಮನೆಗೆ ನುಗ್ಗಿದ್ರಂತೆ. ಒಳಗೆ ವಿಷದ ಹೊಗೆ. ಇವರ ಕಣ್ಣೆದುರೇ ಹೋದ್ರಂತೆ. ಆಮೇಲೇ ಆ ಒಂಬತ್ತನೇ ರೂಲ್ ಬಂದಿದ್ದು. ‘ನಿನ್ನ ತಾಯಿಗೆ ನಾನು ಉತ್ತರ ಹೇಳ್ಬೇಕಾಗುತ್ತೆ ಕಣಮ್ಮಾ’ ಅಂದ್ರು ನನಗೆ. ಪೊಲೀಸ್ರು ಬಂದ್ಮೇಲೆ ಒಳಗೆ ಹೋದ್ವಲ್ಲ, ಎದೆಬಡಿತ ನೋಡೋ ಮೆಷಿನ್ ಹಾಕಿದ್ದು ನಾನೇ. ಎರಡು ಸಣ್ಣ ಅಲೆ ಬಂತು ಅಮ್ಮಾ. ಎರಡೇ. ಆಮೇಲೆ ನೇರ ಗೆರೆ. ಆ ಕಾಗದ ಹರಿದು ನಾನೇ ಕಡತಕ್ಕೆ ಹಚ್ಚಿದೀನಿ. ಅಲ್ಲೇ ಇರುತ್ತೆ.”

ಅವಳು ಅತ್ತಳು. ನಾನು ಅವಳ ಬೆನ್ನು ಸವರಿದೆ. ನನ್ನ ತಂಗಿಯನ್ನು ಬಾಗಿಲ ಹೊರಗೆ ನಿಂತು ಸಾಯಗೊಟ್ಟವಳ ಬೆನ್ನು! ಆದರೆ ಇಡೀ ಇಲಾಖೆಯಲ್ಲಿ ನನ್ನ ತಂಗಿ ಬದುಕಿದ್ದಾಳೆಂದು ಒಂದು ಗಳಿಗೆಯಾದರೂ ನಂಬಿದ್ದವಳು ಅವಳೊಬ್ಬಳೇ. “ಇದನ್ನ ಬರೀಲಾ?” ಎಂದು ಕೇಳಿದೆ. “ಬರೀರಿ ಅಮ್ಮಾ. ನೀವು ಬರೀಲಿ ಅಂತಲೇ ಬಂದೆ,” ಎಂದಳು. ಹೊರಡುವಾಗ, “ಸರ್ ಕೂಡ ಈಗ ಊಟ ಸರಿಯಾಗಿ ಮಾಡಲ್ವಂತೆ,” ಎಂದು ಮೆಲ್ಲಗೆ ಸೇರಿಸಿದಳು.

ಆದ್ದರಿಂದ ಮಾನ್ಯರೇ, ದಯವಿಟ್ಟು ಆ ಹಿರಿಯ ಸಿಬ್ಬಂದಿಯನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳಬೇಡಿ. ಅದು ತಮಗೆ ಸುಲಭ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆತ ನಿರ್ದಯಿಯಲ್ಲ. ಒಂದು ಸಾವು ಕಂಡು ಹೆದರಿದವನ ಕೈಗೆ ತಾವು ಆ ಭಯವನ್ನೇ ನಿಯಮ ಮಾಡಿ ಅಚ್ಚು ಹಾಕಿಸಿ ಕೊಟ್ಟಿರಿ. ಜೊತೆಯವರನ್ನು ಕಳೆದುಕೊಂಡ ಮನುಷ್ಯನಿಗೆ ಬೇಕಾಗಿದ್ದದ್ದು ಒಳಗೆ ಹೇಗೆ ಹೋಗಬೇಕೆಂಬ ತರಬೇತಿ. ತಾವು ಕೊಟ್ಟದ್ದು ಒಳಗೆ ಹೋಗದಿರಲು ಅನುಮತಿ. ಆ ಸಿಬ್ಬಂದಿಯ ಜೀವ ನನ್ನ ತಂಗಿಯ ಜೀವಕ್ಕಿಂತ ಅಗ್ಗವೆಂದು ನಾನು ಹೇಳುತ್ತಿಲ್ಲ. ಅವರ ತಾಯಂದಿರೂ ಕಾಯುತ್ತಿರುತ್ತಾರೆ. ಆದರೆ ಮುಖಗವಸು ಇತ್ತು, ಕೈಗವಸು ಇತ್ತು, ಕಿಟಕಿ ತೆರೆದಿತ್ತು, ಹೋಗುತ್ತೇನೆಂದು ಒಬ್ಬಳು ಮುಂದೆ ಬಂದಿದ್ದಳು, ಪುಡಿ ಏನೆಂದು ಹೇಳಲು ರಕ್ತಸಂಬಂಧಿ ಬಾಗಿಲಲ್ಲಿ ನಿಂತಿದ್ದಳು. ಇಷ್ಟೆಲ್ಲ ಇದ್ದೂ ‘ನಿಲ್ಲು’ ಎಂದು ಹೇಳುವ ನಿಯಮ ಯಾರನ್ನು ಕಾಪಾಡಲು ಇದೆ?

ನನ್ನ ಬೇಡಿಕೆ ದೊಡ್ಡದಲ್ಲ. ಕರೆ ಮಾಡಿದವರು ಕಾಯಿಲೆಯ ಹೆಸರು ಹೇಳಿದರೆ ಅದು ಚೀಟಿಯ ಮೊದಲ ಸಾಲಾಗಲಿ. ಮುಟ್ಟಿ ನೋಡದೆ ಯಾರನ್ನೂ ಸತ್ತವರೆಂದು ಬಗೆಯಕೂಡದೆಂದು ಆ ಒಂಬತ್ತನೇ ಅಂಶವನ್ನು ತಿದ್ದಿ ಬರೆಯಿರಿ. ಅನುಮಾನ ಬಂದರೆ, ಸಾವಿನ ಬಗ್ಗೆಯೇ ಮೊದಲು ಅನುಮಾನ ಪಡಲಿ. ಗಾಜು, ರಕ್ತ, ಬ್ಯಾಗುಗಳ ಸರದಿ ಆಮೇಲೆ. ಬಾಗಿಲಲ್ಲಿ ಮನೆಯವರೊಬ್ಬರು ನಿಂತು ‘ಹೀಗೆ’ ಎಂದು ಹೇಳಿದರೆ ಅದನ್ನು ಗದ್ದಲವೆಂದು ಬಗೆಯದೆ ಮಾಹಿತಿಯೆಂದು ಬರೆದುಕೊಳ್ಳಲಿ. ಇದಕ್ಕೆಲ್ಲ ಸಮಿತಿ ಬೇಕು, ಸಭೆ ಬೇಕು, ಕಾಲಾವಕಾಶ ಬೇಕು ಎನ್ನುತ್ತೀರಿ. ತೆಗೆದುಕೊಳ್ಳಿ. ಕಾಯುವುದನ್ನು ತಮ್ಮ ಇಲಾಖೆ ನನಗೆ ಚೆನ್ನಾಗಿ ಕಲಿಸಿದೆ.

ಆದರೆ ಒಂದು ಕೆಲಸಕ್ಕೆ ಸಮಿತಿ ಬೇಕಿಲ್ಲ. ತಮ್ಮ ದಾಖಲೆ ಪುಸ್ತಕದಲ್ಲಿ ನನ್ನ ತಂಗಿಯ ಹೆಸರಿನ ಮುಂದೆ ಈಗಲೂ ‘ಸಿಬ್ಬಂದಿ ತಲುಪುವ ಮೊದಲೇ ಮೃತ’ ಎಂದಿದೆ. ಅದೇ ಕಡತದೊಳಗೆ ಎರಡು ಸಣ್ಣ ಅಲೆಗಳ ಕಾಗದವೂ ಇದೆ. ಆ ಕಾಗದವನ್ನು ಹೊರತೆಗೆದು ಮುಂದಿಟ್ಟುಕೊಳ್ಳಿ. ಆ ಸಾಲನ್ನು ತಮ್ಮ ಕೈಯಾರೆ ಹೊಡೆದುಹಾಕಿ, ಅದರ ಮೇಲೆ ಹೀಗೆ ಬರೆದು ಸಹಿ ಮಾಡಿ: ‘ನಾವು ತಲುಪಿದಾಗ ಬದುಕಿದ್ದಳು.’

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ತಮ್ಮ ಕಡತದಲ್ಲಿ ‘ಸ್ಥಳದಲ್ಲಿ ಅಡಚಣೆ ಉಂಟುಮಾಡಿದ ವೃದ್ಧೆ’ ಎಂದು ನಮೂದಾಗಿರುವ,
ಅವಳ ಅಕ್ಕ